ಮಸುಕಾದ ಚಿತ್ರಕ್ಕೆ ಕ್ಯಾಮೆರಾ ಕಾರಣವೋ, ನನ್ನ ಕೈ ಕಾರಣವೋ?

ಪ್ರಶ್ನೆ: ಹೊಸಗಣ್ಣು

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಮೆರಾ ಕೊಂಡು ಒಂದು ವರ್ಷ ತುಂಬಿತು. ಅದು ಎಪಿಎಸ್-ಸಿ ಸೆನ್ಸರ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದ, ಬೆಳಕು ಹಿಡಿಯುವ ಫಲಕ) ಇರುವ ಕ್ಯಾಮೆರಾ. ಅದರ ಜೊತೆಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಮತ್ತು ಆಮೇಲೆ ತೆಗೆದುಕೊಂಡ 55-200 ಮಿ.ಮೀ. ಜೂಮ್ ಲೆನ್ಸ್ ನನ್ನ ಬಳಿ ಇವೆ. ಎರಡರಲ್ಲೂ ಕಂಪನ ತಡೆಯುವ ಸೌಲಭ್ಯವಿದೆ. ಈ ಒಂದು ವರ್ಷದಲ್ಲಿ ಸಾವಿರಾರು ಚಿತ್ರಗಳನ್ನು ತೆಗೆದಿದ್ದೇನೆ, ಆದರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು ಅನ್ನಿಸಿದ್ದು ಒಂದೋ ಎರಡೋ ಅಷ್ಟೇ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಸೊಗಸಾಗಿಯೇ ಕಾಣುತ್ತವೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ ಕೂಡಲೇ ಅವುಗಳ ಬಣ್ಣ ಬಯಲಾಗುತ್ತದೆ. ಕಿಟ್ ಲೆನ್ಸಿನಲ್ಲಿ ಇಷ್ಟೇ ಬರುವುದು, 50 ಮಿ.ಮೀ. ಎಫ್/1.8 ಲೆನ್ಸ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬ ಗೆಳೆಯ ಹೇಳಿದರೆ, ಕ್ಯಾಮೆರಾವನ್ನೇ ಬದಲಿಸು ಎಂದು ಇನ್ನೊಬ್ಬ ಹೇಳುತ್ತಾನೆ. ಹಣ ಖರ್ಚು ಮಾಡುವ ಮೊದಲು ನಿಮ್ಮನ್ನು ಕೇಳೋಣವೆಂದು ನಾಲ್ಕು ಚಿತ್ರಗಳನ್ನು ಅವುಗಳ ಅಂಕಿಗಳ ಸಮೇತ ಮುಂದಿಡುತ್ತಿದ್ದೇನೆ.

ಮೊದಲನೆಯದರಲ್ಲಿ ಅಕ್ಕನ ಮಗಳು ಕಿಟಕಿಯ ಪಕ್ಕ ಪರದೆ ಹಿಡಿದುಕೊಂಡು ಕುಣಿಯುತ್ತಿದ್ದಾಳೆ. 55 ಮಿ.ಮೀ., ಎಫ್/5.6, 1/40 ಸೆಕೆಂಡು, ಐಎಸ್‌ಒ 400 (ಕ್ರಮವಾಗಿ ಲೆನ್ಸಿನ ನಾಭಿದೂರ; ಅಪರ್ಚರ್, ಅಂದರೆ ಬೆಳಕು ಬರುವ ರಂಧ್ರ, ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು; ಶಟರ್ ತೆರೆದಿರುವ ಹೊತ್ತು; ಬೆಳಕಿಗೆ ಸೆನ್ಸರಿನ ಸಂವೇದನೆ). ಮುಖ ಮಸುಕಾಗಿದೆ. ಎರಡನೆಯದು ಮೋಡ ಕವಿದ ಆಕಾಶದೆದುರು ಒಣಕೊಂಬೆಯ ಮೇಲೆ ಕುಳಿತ ಹಕ್ಕಿ. 200 ಮಿ.ಮೀ., ಎಫ್/5.6, 1/1000, ಐಎಸ್‌ಒ 400. ಹಕ್ಕಿಯ ಆಕಾರ ಸ್ಪಷ್ಟವಾಗಿದೆ, ಆದರೆ ಮೈಯೆಲ್ಲ ಇದ್ದಿಲಿನಂತೆ ಕಪ್ಪಾಗಿದೆ. ಯಾವ ಹಕ್ಕಿ ಎಂದು ನನಗೇ ಗುರುತು ಸಿಗುವುದಿಲ್ಲ. ಮೂರನೆಯದು ಹುಣ್ಣಿಮೆಯ ಚಂದ್ರ. 200 ಮಿ.ಮೀ., ಎಫ್/5.6, 1/8, ಐಎಸ್‌ಒ 3200, ಎಲ್ಲವನ್ನೂ ಕ್ಯಾಮೆರಾ ತಾನೇ ಆರಿಸಿಕೊಂಡದ್ದು. ಕಪ್ಪು ಕಾಗದಕ್ಕೆ ಬಿಳಿಯ ಬಿಂದಿ ಅಂಟಿಸಿದಂತಿದೆ. ನಾಲ್ಕನೆಯದು ಬಾಗಿಲ ಬಳಿ ಕುಳಿತು ಓದುತ್ತಿರುವ ಅಜ್ಜ. 35 ಮಿ.ಮೀ., ಎಫ್/5, 1/100, ಐಎಸ್‌ಒ 800. ಇದೊಂದು ನನಗೆ ಇಷ್ಟವಾಗಿದೆ, ಆದರೆ ಏಕೆ ಇಷ್ಟವಾಯಿತೆಂದು ಹೇಳಲು ಬರುವುದಿಲ್ಲ. ಹಾಗಾಗಿ ಮತ್ತೊಮ್ಮೆ ಅಂಥದ್ದನ್ನು ತೆಗೆಯಲೂ ಬರುತ್ತಿಲ್ಲ.

ದಾಕ್ಷಿಣ್ಯವಿಲ್ಲದೆ ಹೇಳಿ. ಮನೆಯವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಅದರಿಂದ ನನಗೆ ಏನೂ ತಿಳಿಯುತ್ತಿಲ್ಲ.

ಉತ್ತರ: ಮುಕ್ಕಾಲಿ

ಅಂಕಿಗಳನ್ನೂ ಕೊಟ್ಟಿರುವುದರಿಂದ ಉತ್ತರ ಹೇಳುವವರ ಅರ್ಧ ಕೆಲಸವನ್ನು ನೀವೇ ಮಾಡಿದ್ದೀರಿ. ನಾನು ಮೊದಲನೆಯ ಚಿತ್ರವೊಂದನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಗೆಳೆಯರು ಲೆನ್ಸನ್ನು ದೂರುತ್ತಿರುವುದು ಇಂಥ ಚಿತ್ರಗಳನ್ನು ನೋಡಿಯೇ ಇರಬೇಕು.

ಮಸುಕು ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ತಪ್ಪುಗಳು ಅಡಗಿರುತ್ತವೆ, ಮತ್ತು ಮೂರಕ್ಕೂ ಮದ್ದು ಬೇರೆ. ಚಿತ್ರ ತೆಗೆಯುವವರ ಕೈ ಅಲುಗಿದ್ದರೆ ಗೋಡೆ, ಕಿಟಕಿ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತವೆ. ಎಲ್ಲಾದರೂ ಹೊಳೆಯುವ ಚುಕ್ಕಿ ಇದ್ದರೆ ಅದು ಚಿಕ್ಕ ಗೆರೆಯಾಗಿರುತ್ತದೆ. ಎದುರಿನವರು ಅಲುಗಿದ್ದರೆ ಗೋಡೆ ಕಿಟಕಿಗಳು ನೆಟ್ಟಗಿದ್ದು, ಕೈ ಕೂದಲು ಮಾತ್ರ ಕಲೆಸಿಹೋಗಿರುತ್ತವೆ. ಫೋಕಸ್ ತಪ್ಪಿದ್ದರೆ ಎಳೆದ ಗುರುತೇ ಇರುವುದಿಲ್ಲ. ಮುಖ ಮೆತ್ತಗೆ ಹರಡಿಕೊಂಡಿದ್ದು, ಅದಕ್ಕಿಂತ ಮುಂದಿರುವ ಅಥವಾ ಹಿಂದಿರುವ ಇನ್ನೇನೋ ಒಂದು ಚೂಪಾಗಿ ಬಂದಿರುತ್ತದೆ. ನೀವು ಹಾಕಿರುವ ಚಿತ್ರ ಚಿಕ್ಕದಾದ್ದರಿಂದ ನನಗೆ ಮುಂಗೈ ಕಲೆಸಿರುವುದಷ್ಟೇ ಕಾಣುತ್ತಿದೆ. ಮೂಲ ಫೈಲನ್ನು ನೂರಕ್ಕೆ ನೂರು ದೊಡ್ಡದು ಮಾಡಿ, ಮುಖವನ್ನು ಬಿಟ್ಟು ಉಳಿದ ಕಡೆಯೆಲ್ಲ ಕಣ್ಣಾಡಿಸಿ. ಚಿತ್ರದಲ್ಲಿ ಎಲ್ಲಿಯಾದರೂ ಏನಾದರೂ ಚೂಪಾಗಿದೆಯೇ? ಈ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೂ ಲೆನ್ಸಿನ ಮಾತು ಬೇಡ.

ಇನ್ನು ಅಂಕಿಗಳು. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗವು ಲೆನ್ಸಿನ ನಾಭಿದೂರದ ತಲೆಕೆಳಗಿಗಿಂತ ನಿಧಾನವಾಗಬಾರದು ಎಂಬುದು ಹಳೆಯ ರೂಢಿ. ಅದು 35 ಮಿ.ಮೀ. ಫಿಲ್ಮಿನ ಕಾಲದ ಲೆಕ್ಕವಾದ್ದರಿಂದ, ನಿಮ್ಮ ಸೆನ್ಸರಿಗೆ 55 ಅನ್ನು 1.5ರಿಂದ ಗುಣಿಸಬೇಕು; ಕ್ಯಾನನ್‌ನ ಎಪಿಎಸ್-ಸಿ ಆದರೆ 1.6ರಿಂದ. ಬರುವುದು ಸುಮಾರು 82; ಅಂದರೆ 1/80 ಸೆಕೆಂಡು. ನೀವು ತೆಗೆದಿರುವುದು 1/40ರಲ್ಲಿ. ಕಂಪನ ತಡೆಯುವ ಸೌಲಭ್ಯ ಈ ಕೊರತೆಯನ್ನು ತುಂಬಬಲ್ಲದು, ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನೇ ಹೊರತು ಮಗುವಿನ ಕುಣಿತವನ್ನಲ್ಲ. ಹೊಸಬರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಕುಣಿಯುವ ಮಗುವಿಗೆ ಕನಿಷ್ಠ 1/250 ಬೇಕು.

ಅಷ್ಟು ಬೆಳಕು ಒಳಗೆ ಎಲ್ಲಿಂದ ತರುವುದು ಎಂದು ನೀವು ಕೇಳುತ್ತೀರಿ. ಐಎಸ್‌ಒ 400ರಿಂದ 800, 800ರಿಂದ 1600, 1600ರಿಂದ 3200, ಹೀಗೆ ಮೂರು ಮೆಟ್ಟಿಲು ಹತ್ತಿದರೆ ಶಟರ್ 1/40ರಿಂದ 1/80, 1/160, 1/320ಕ್ಕೆ ಹೋಗುತ್ತದೆ. ಚಿತ್ರ ಕಾಳುಕಾಳಾಗುತ್ತದೆ ಎಂಬ ಹೆದರಿಕೆಯಿಂದ ನೀವು 400ಕ್ಕೆ ಅಂಟಿಕೊಂಡಿದ್ದೀರೆಂದು ನನ್ನ ಊಹೆ. ಕಾಳನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತಗ್ಗಿಸಬಹುದು, ಕಣ್ಣಿಗೆ ಒಗ್ಗಿಸಿಕೊಳ್ಳಲೂಬಹುದು. ಆದರೆ ಕಲೆಸಿಹೋದ ಮುಖವನ್ನು ಯಾವ ಸಾಫ್ಟ್‌ವೇರೂ ಪ್ರಾಮಾಣಿಕವಾಗಿ ಮರಳಿ ತಂದುಕೊಡುವುದಿಲ್ಲ. ಪ್ರತಿ ಸಲವೂ ಇದನ್ನೆಲ್ಲ ಕೈಯಾರೆ ತಿರುಗಿಸಲು ಬೇಸರವಾದರೆ ಆಟೋ ಐಎಸ್‌ಒ ಇಟ್ಟು, ಅದರ ಪಟ್ಟಿಯಲ್ಲಿ ಕನಿಷ್ಠ ಶಟರ್ ವೇಗ 1/250 ಎಂದೂ, ಗರಿಷ್ಠ ಐಎಸ್‌ಒ 3200 ಅಥವಾ 6400 ಎಂದೂ ಬರೆದಿಡಿ. ಮ್ಯಾನ್ಯುಯಲ್‌ನಲ್ಲೇ ತೆಗೆದರೆ ಮಾತ್ರ ಛಾಯಾಗ್ರಾಹಕ ಎಂಬ ಬಿಗುಮಾನದಲ್ಲಿ ನನಗೆ ನಂಬಿಕೆಯಿಲ್ಲ.

ಒಂದು ಪರೀಕ್ಷೆಯನ್ನು ಮಾತ್ರ ತಪ್ಪದೆ ಮಾಡಿ. ಪುಸ್ತಕದ ಕಪಾಟಿನೆದುರು ನಿಂತು, 55 ಮಿ.ಮೀ.ಗೆ ಇಟ್ಟು, 1/160, 1/80, 1/40, 1/20 ಈ ನಾಲ್ಕು ವೇಗಗಳಲ್ಲಿ ಹತ್ತು ಹತ್ತು ಚಿತ್ರ ತೆಗೆಯಿರಿ. ಪುಸ್ತಕಗಳ ಬೆನ್ನಿನ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿ ಓದಿ, ಪ್ರತಿ ವೇಗದಲ್ಲಿ ಎಷ್ಟು ಚಿತ್ರ ಪಾಸಾದವೆಂದು ಎಣಿಸಿ. ಅದು ನಿಮ್ಮ ಕೈಯ ಅಳತೆ. ಯಾವ ರೂಢಿಯೂ ಅದನ್ನು ನಿಮಗೆ ಹೇಳಲಾರದು.

ಉತ್ತರ: ಹಕ್ಕಿಹಿಂದೆ

ಹಕ್ಕಿಯ ಚಿತ್ರದಲ್ಲಿ ಮಸುಕೇ ಇಲ್ಲ. 200ನ್ನು 1.5ರಿಂದ ಗುಣಿಸಿದರೆ 300. ನೀವು ಇಟ್ಟಿದ್ದದ್ದು 1/1000. ಕುಳಿತ ಹಕ್ಕಿಗೆ ಅದು ಧಾರಾಳವಾಯಿತು. ಕೊಂಬೆಯ ಸಿಬರುಗಳು ಒಂದೊಂದೂ ಎಣಿಸುವಂತೆ ಬಂದಿರುವುದನ್ನು ನೋಡಿದರೆ, ನಿಮ್ಮ ಜೂಮ್ ಲೆನ್ಸಿಗೂ ಕೈಗೂ ಮೆಚ್ಚುಗೆ ಹೇಳಬೇಕು. ತಪ್ಪಿರುವುದು ಬೆಳಕಿನ ಲೆಕ್ಕ, ಅದೂ ಕ್ಯಾಮೆರಾ ಮಾಡಿದ ಲೆಕ್ಕ.

ಕ್ಯಾಮೆರಾದೊಳಗಿನ ಮೀಟರಿಗೆ ಎದುರಿಗಿರುವುದು ಹಕ್ಕಿಯೋ ಆಕಾಶವೋ ಗೊತ್ತಾಗುವುದಿಲ್ಲ. ಅದು ಇಡೀ ನೋಟವನ್ನು ಸರಾಸರಿ ಮಾಡಿ, ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಹಿಂದಿರುಗಿಸುವ ನಡುಬೂದು ಬಣ್ಣದಂತೆ ಅದು ಕಾಣಬೇಕೆಂದು ಹೊರಡುತ್ತದೆ. ಆದ್ದರಿಂದಲೇ ಬಿಳಿಯ ಗೋಡೆ ಬೂದಾಗಿ ಬರುತ್ತದೆ, ಕಪ್ಪು ನಾಯಿಯೂ ಬೂದಾಗಿ ಬರುತ್ತದೆ. ನಿಮ್ಮ ಚಿತ್ರದ ಹತ್ತರಲ್ಲಿ ಒಂಬತ್ತು ಪಾಲು ಹೊಳೆಯುವ ಮೋಡ. ಮೀಟರು ಆ ಮೋಡವನ್ನು ಬೂದು ಬಣ್ಣಕ್ಕೆ ಇಳಿಸುವ ಭರದಲ್ಲಿ, ಮೊದಲೇ ನೆರಳಿನಲ್ಲಿದ್ದ ಹಕ್ಕಿಯನ್ನು ಕತ್ತಲೆಗೆ ತಳ್ಳಿದೆ. ಪ್ಲಸ್-ಮೈನಸ್ ಗುರುತಿರುವ ಗುಂಡಿಯನ್ನು ಇಷ್ಟು ದಿನ ನೀವು ಮುಟ್ಟಿಲ್ಲವೆಂದು ಕಾಣುತ್ತದೆ. ಅದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಗುಂಡಿ. ಆಕಾಶದೆದುರಿನ ಹಕ್ಕಿಗೆ ಅದನ್ನು ಪ್ಲಸ್ ಒಂದೂವರೆಗೋ ಎರಡಕ್ಕೋ ಏರಿಸಿ ತೆಗೆಯಿರಿ. ಆದರೆ ಒಂದು ಎಚ್ಚರಿಕೆ: ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರನ್ನು ನಾವು ಇಟ್ಟು, ಶಟರನ್ನು ಕ್ಯಾಮೆರಾಕ್ಕೆ ಬಿಡುವ ವಿಧಾನದಲ್ಲಿ) ಪ್ಲಸ್ ಎರಡು, ಅಂದರೆ ಎರಡು ಮೆಟ್ಟಿಲು ಹೆಚ್ಚು ಬೆಳಕು, ಎಂದರೆ ಶಟರ್ 1/1000ರಿಂದ 1/250ಕ್ಕೆ ಇಳಿಯುತ್ತದೆ, ಅದು ನಿಮ್ಮ ಲೆನ್ಸಿನ 1/300ರ ಗೆರೆಗಿಂತ ಕೆಳಗೆ. ಹಾಗಾಗಿ ಐಎಸ್‌ಒ 800ಕ್ಕೆ ಏರಿಸಿ 1/500ನ್ನು ಉಳಿಸಿಕೊಳ್ಳಿ. ಹಾರುವ ಹಕ್ಕಿಯಾದರೆ ಅದೂ ಸಾಲದು. 1/1600ರ ಆಸುಪಾಸಿಗೆ ಹೋಗಬೇಕು.

ಹೀಗೆ ಮಾಡಿದಾಗ ಹಕ್ಕಿಗೆ ಬಣ್ಣ ಬರುತ್ತದೆ, ಆಕಾಶ ಪೂರ್ತಿ ಬೆಳ್ಳಗಾಗುತ್ತದೆ. ಎರಡೂ ಬೇಕೆಂದರೆ ಆ ಜಾಗದಲ್ಲಿ ಆಗದು. ನಿಜವಾದ ಪರಿಹಾರ ಕಾಲಿನಲ್ಲಿದೆ: ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಹಕ್ಕಿಯ ಹಿಂದೆ ಆಕಾಶದ ಬದಲು ದೂರದ ಮರಗಳ ಹಸಿರು ಬರುವಂತೆ ನಿಂತುಕೊಂಡರೆ, ಅದೇ ಕ್ಯಾಮೆರಾ ಅದೇ ಲೆನ್ಸಿನಲ್ಲಿ ಬೇರೆಯೇ ಚಿತ್ರ ಸಿಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದು, ಬೆಳಗ್ಗೆ ಅಥವಾ ಸಂಜೆಯ ಹೊತ್ತಿನಲ್ಲಿ ತಗ್ಗಿನಲ್ಲಿದ್ದರೆ ಹಕ್ಕಿಯ ಕಣ್ಣಿನಲ್ಲಿ ಒಂದು ಹೊಳಪಿನ ಚುಕ್ಕಿ ಬೀಳುತ್ತದೆ. ಆ ಚುಕ್ಕಿ ಇಲ್ಲದ ಹಕ್ಕಿ ಎಷ್ಟೇ ಸ್ಪಷ್ಟವಾಗಿದ್ದರೂ ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಕಾಣುತ್ತದೆ. ನಾನಂತೂ ಕಣ್ಣು ಹೊಳೆಯದ ಚಿತ್ರಗಳನ್ನು ಈಗೀಗ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಜೆಪೆಗ್ ಬದಲು ರಾ ಫೈಲಿನಲ್ಲಿ (ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೆಯೇ ಉಳಿಸುವ ಫೈಲು) ತೆಗೆಯುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್ ರಾ ಫೈಲಿನಲ್ಲಿ 16,384 ಹಂತಗಳಿರುತ್ತವೆ. ಕತ್ತಲೆಗೆ ಬಿದ್ದ ಹಕ್ಕಿಯನ್ನು ಸ್ವಲ್ಪ ಮಟ್ಟಿಗೆ ಮೇಲೆತ್ತಲು ಅದರಲ್ಲಿ ಅವಕಾಶ ಉಳಿದಿರುತ್ತದೆ.

ಉತ್ತರ: ಹಳೇ ರೀಲು

ಚಂದ್ರನ ಚಿತ್ರಕ್ಕೆ ನಾನು ಉತ್ತರ ಹೇಳುತ್ತೇನೆ, ಏಕೆಂದರೆ ಅದೇ ತಪ್ಪನ್ನು ನಾನು ಫಿಲ್ಮಿನ ಕಾಲದಲ್ಲಿ ಒಂದಿಡೀ ರೀಲಿನ ಉದ್ದಕ್ಕೂ ಮಾಡಿದ್ದೆ. ತೊಳೆದು ಬಂದ ಮೇಲೆ ಮೂವತ್ತಾರು ಬಿಳಿ ಬಿಂದಿಗಳು ಕೈಗೆ ಸಿಕ್ಕಿದ್ದವು.

ರಾತ್ರಿ ತೆಗೆಯುವ ಚಿತ್ರವೆಂದು ನಾವೆಲ್ಲ ಮೋಸಹೋಗುತ್ತೇವೆ. ನಮಗೆ ರಾತ್ರಿಯಾದರೂ ಚಂದ್ರನ ಮೇಲೆ ಆಗ ಬಿಸಿಲು ಹೊಡೆಯುತ್ತಿರುತ್ತದೆ; ಅದು ಬಿಸಿಲಿನಲ್ಲಿ ಬಿದ್ದಿರುವ ಒಂದು ಬಂಡೆ. ಬಿಸಿಲಿನಲ್ಲಿರುವ ವಸ್ತುವಿಗೆ ಎಫ್/16 ಇಟ್ಟು, ಐಎಸ್‌ಒ ಎಷ್ಟಿದೆಯೋ ಅದನ್ನೇ ತಲೆಕೆಳಗು ಮಾಡಿ ಶಟರ್ ಇಡಬೇಕೆಂಬುದು ಹಿಂದೆ ಫಿಲ್ಮಿನ ಜೊತೆ ಬರುತ್ತಿದ್ದ ಕಾಗದದಲ್ಲೇ ಇರುತ್ತಿದ್ದ ಸೂತ್ರ. ಚಂದ್ರನ ನೆಲ ಕಪ್ಪಗಿರುವುದರಿಂದ ಒಂದು ಮೆಟ್ಟಿಲು ಬೆಳಕು ಹೆಚ್ಚು ಕೊಟ್ಟು ಎಫ್/11 ಎನ್ನುತ್ತಾರೆ. ಅಂದರೆ ಐಎಸ್‌ಒ 200ಕ್ಕೆ ಎಫ್/11, 1/200. ಇಲ್ಲವೇ ಎಫ್/8, 1/400. ಇದನ್ನು ನಿಮ್ಮ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಐಎಸ್‌ಒದಲ್ಲಿ 16 ಪಟ್ಟು, ಶಟರಿನಲ್ಲಿ 50 ಪಟ್ಟು, ಅಪರ್ಚರಿನಲ್ಲಿ ಎರಡು ಪಟ್ಟು. ಮೂರನ್ನೂ ಗುಣಿಸಿದರೆ ಬೇಕಾದದ್ದಕ್ಕಿಂತ 1,600 ಪಟ್ಟು ಬೆಳಕನ್ನು ನೀವು ಚಂದ್ರನಿಂದ ಎಳೆದುಕೊಂಡಿದ್ದೀರಿ. ಬಿಂದಿಯಾಗದೆ ಮತ್ತೇನಾದೀತು? ಚಿತ್ರದ ಬಹುಪಾಲು ಕಪ್ಪು ಆಕಾಶವಾದ್ದರಿಂದ, ಅದನ್ನು ಬೂದು ಮಾಡಲು ಹೊರಟ ಮೀಟರಿನ ಕೆಲಸವಿದು. ಮೇಲೆ ಹಕ್ಕಿಗೆ ಆದದ್ದೇ ಇಲ್ಲಿ ತಿರುಗುಮುರುಗಾಗಿದೆ.

ಈ ಸೂತ್ರದ ಬೆಲೆಯನ್ನು ತಿಳಿಯಲು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಒಂದು ಅನುಭವ ಸಾಕು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಮೂಡಿದ್ದನ್ನು ಕಂಡು, ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾವನ್ನು ಹೂಡಿದಾಗ, ಅವರಿಗೆ ಬೆಳಕಿನ ಮೀಟರೇ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ನೆನಪಿದ್ದರಿಂದ, ಆ ಒಂದು ಅಂಕಿಯಿಂದಲೇ ಎಕ್ಸ್‌ಪೋಷರನ್ನು ಲೆಕ್ಕಹಾಕಿ ಶಟರ್ ಒತ್ತಿದರು. ಎರಡನೆಯದನ್ನು ತೆಗೆಯುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಜಾರಿಹೋಗಿತ್ತು. ಅವರ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದು ಉಳಿದದ್ದು ಹೀಗೆ.

ಸೂತ್ರ ಪಾಲಿಸಿದರೂ ಒಂದು ನಿರಾಶೆಗೆ ಸಿದ್ಧವಾಗಿರಿ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ ಅಗಲ. 200 ಮಿ.ಮೀ. ಲೆನ್ಸಿನಲ್ಲಿ ಅದು ನಿಮ್ಮ ಸೆನ್ಸರಿನ ಮೇಲೆ ಸುಮಾರು 1.8 ಮಿ.ಮೀ. ಬೀಳುತ್ತದೆ, ಸೆನ್ಸರಿನ ಅಗಲ 23.5 ಮಿ.ಮೀ. ಇರುವುದರಿಂದ ಚಿತ್ರದ ಅಗಲದ ಹದಿಮೂರರಲ್ಲಿ ಒಂದು ಪಾಲು. ಕಲೆಗಳು ಕಾಣುತ್ತವೆ, ಗೋಡೆ ತುಂಬುವ ಚಂದ್ರ ಸಿಗುವುದಿಲ್ಲ.

ಮರುಮಾತು: ಹೊಸಗಣ್ಣು

ಮೂವರಿಗೂ ತುಂಬಾ ಧನ್ಯವಾದಗಳು. ಪ್ಲಸ್-ಮೈನಸ್ ಗುಂಡಿಯ ವಿಷಯ ನಿಜ. ಅದು ಪರದೆಯ ಹೊಳಪನ್ನು ಹೆಚ್ಚು ಕಡಿಮೆ ಮಾಡಲು ಇರುವುದೆಂದುಕೊಂಡಿದ್ದೆ.

ಮುಕ್ಕಾಲಿಯವರು ಹೇಳಿದ ಪರೀಕ್ಷೆಯನ್ನು ನಿನ್ನೆ ರಾತ್ರಿ ಮಾಡಿದೆ. 1/160ರಲ್ಲಿ ಹತ್ತಕ್ಕೆ ಹತ್ತು, 1/80ರಲ್ಲಿ ಒಂಬತ್ತು, 1/40ರಲ್ಲಿ ಎಂಟು, 1/20ರಲ್ಲಿ ಮೂರು ಚಿತ್ರಗಳಲ್ಲಿ ಅಕ್ಷರಗಳನ್ನು ಓದಲು ಸಾಧ್ಯವಾಯಿತು. ಕೆಟ್ಟ ಚಿತ್ರಗಳಲ್ಲಿ ಹೆಚ್ಚಿನವು ಬೆರಳಿನಿಂದ ಗುಂಡಿಯನ್ನು ಕುಟ್ಟಿದಂತೆ ಒತ್ತಿದಾಗ ಬಂದವು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟ ಮೇಲೆ ಮೆಲ್ಲಗೆ ಅದುಮಿದಾಗ ವ್ಯತ್ಯಾಸ ಕಾಣಿಸಿತು. ಅಂದರೆ 1/40ರಲ್ಲಿ ನನ್ನ ಕೈ ಅಷ್ಟೇನೂ ಕೆಟ್ಟದ್ದಲ್ಲ.

ಆಮೇಲೆ ಮಗುವಿನ ಚಿತ್ರದ ಮೂಲ ಫೈಲನ್ನು ತೆರೆದು ಮೂಲೆಯಿಂದ ಮೂಲೆಗೆ ನೋಡುತ್ತಾ ಹೋದೆ. ಅವಳ ಕೈ ಕಲೆಸಿದೆ, ಅದು ಸರಿ. ಆದರೆ ಅವಳಿಗಿಂತ ಒಂದು ಮೊಳ ಮುಂದಿರುವ ಪರದೆಯ ಅಂಚಿನಲ್ಲಿ ಹೊಲಿಗೆಯ ಒಂದೊಂದು ದಾರವೂ ಕಾಣುತ್ತಿದೆ! ಮುಖ ಮಾತ್ರ ಮೆತ್ತಗಿದೆ. ವರ್ಷವಿಡೀ ದೂರುತ್ತಾ ಬಂದ ಲೆನ್ಸು ಪರದೆಯ ನೂಲನ್ನು ಎಣಿಸಿ ಕೊಟ್ಟಿದೆಯೆಂದು ನೋಡಿ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಫೋಕಸ್ ಪರದೆಯ ಮೇಲೆ ಹೋಗಿ ಕುಳಿತದ್ದೇಕೆ?

ಉತ್ತರ: ಮುಕ್ಕಾಲಿ

ಫೋಕಸ್ ಬಿಂದುವನ್ನು ಆರಿಸುವ ಕೆಲಸವನ್ನು ನೀವು ಪೂರ್ತಿಯಾಗಿ ಕ್ಯಾಮೆರಾಕ್ಕೆ ಬಿಟ್ಟಿದ್ದೀರಿ. ಹಾಗೆ ಬಿಟ್ಟಾಗ ಅದು ಸಾಮಾನ್ಯವಾಗಿ ಅತ್ಯಂತ ಹತ್ತಿರವಿರುವ, ಗೆರೆಗಳು ಎದ್ದು ಕಾಣುವ ವಸ್ತುವನ್ನು ಹಿಡಿಯುತ್ತದೆ. ಹೊಲಿಗೆ ಇರುವ ಪರದೆಯಂಚು ಅದಕ್ಕೆ ಹಬ್ಬವಿದ್ದಂತೆ. ಒಂದೇ ಬಿಂದುವಿಗೆ ಬದಲಿಸಿ, ಆ ಬಿಂದುವನ್ನು ಕಣ್ಣಿನ ಮೇಲಿಡಿ. ನಿಮ್ಮ ಕ್ಯಾಮೆರಾದಲ್ಲಿ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಇನ್ನೂ ಸುಲಭ. ಓಡಾಡುವ ಮಕ್ಕಳಿಗೆ ನಿರಂತರ ಫೋಕಸ್ ಬೇಕು. ನಿಕಾನ್, ಸೋನಿಗಳಲ್ಲಿ ಅದಕ್ಕೆ ಎಎಫ್-ಸಿ ಎಂದೂ, ಕ್ಯಾನನ್‌ನಲ್ಲಿ ಸರ್ವೋ ಎಂದೂ ಹೆಸರು.

ನಿಮ್ಮ ಚಿತ್ರದಲ್ಲಿ ಎರಡು ತಪ್ಪುಗಳು ಒಟ್ಟಿಗೆ ಸೇರಿದ್ದವು, ಎರಡೂ ಲೆನ್ಸಿನದ್ದಲ್ಲ. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ.

ಉತ್ತರ: ಕಿಟಕಿ ಬೆಳಕು

ಹಾಗಾದರೆ 50 ಮಿ.ಮೀ. ಲೆನ್ಸಿನ ಪ್ರಶ್ನೆಗೆ ನೇರ ಉತ್ತರವನ್ನು ಯಾರೂ ಕೊಟ್ಟಂತಾಗಲಿಲ್ಲ. ನಾನು ಅದನ್ನು ಬೇಡವೆನ್ನುವವರ ಪೈಕಿ ಅಲ್ಲ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಐಎಸ್‌ಒ 3200 ಬೇಕಾದ ಕಡೆ 400ಕ್ಕಿಂತ ಕೆಳಗೆ ಕೆಲಸ ಮುಗಿಯುತ್ತದೆ. ಸಣ್ಣ ಮಾತಲ್ಲ ಅದು. ಆದರೆ ಆ ಬೆಳಕಿಗೆ ತೆರಬೇಕಾದ ಬೆಲೆ ಫೋಕಸ್ಸಿನಲ್ಲಿದೆ. ನಿಮ್ಮ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಬರೀ ಮೂರು ಸೆಂಟಿಮೀಟರ್ ಆಸುಪಾಸು. ಹತ್ತಿರದ ಕಣ್ಣು ಚೂಪಾದರೆ ಕಿವಿ ಕರಗಿರುತ್ತದೆ. ಎಫ್/5.6ರಲ್ಲೇ ಪರದೆಗೆ ಫೋಕಸ್ ಕೊಟ್ಟವರು ಎಫ್/1.8ರಲ್ಲಿ ಕುಣಿಯುವ ಮಗುವನ್ನು ಹಿಡಿಯಲು ಹೋದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ, ಬೇಸರಿಸಬೇಡಿ.

ಇನ್ನೊಂದು ವಿಷಯ, ನಿಮ್ಮ ಸೆನ್ಸರಿನಲ್ಲಿ 50 ಮಿ.ಮೀ. ಲೆನ್ಸು 75ರಂತೆ ವರ್ತಿಸುತ್ತದೆ. ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಮಗು ಪೂರ್ತಿಯಾಗಿ ಚೌಕಟ್ಟಿನೊಳಗೆ ಬರಲಿಕ್ಕಿಲ್ಲ. ಅಂಥವರಿಗೆ 35 ಮಿ.ಮೀ. ವಾಸಿ. ಯಾವುದು ಬೇಕೆಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಒಂದು ವಾರ ಕಿಟ್ ಲೆನ್ಸನ್ನು 35ಕ್ಕೆ ಇಟ್ಟು, ಜೂಮ್ ತಿರುಗದಂತೆ ಕಾಗದದ ಅಂಟುಪಟ್ಟಿ ಸುತ್ತಿ, ಅದರಲ್ಲೇ ಎಲ್ಲ ಚಿತ್ರ ತೆಗೆಯಿರಿ. ಮರುವಾರ 50ಕ್ಕೆ ಇಟ್ಟು ಹಾಗೆಯೇ ಮಾಡಿ. ಯಾವ ವಾರ ಅಂಟುಪಟ್ಟಿಯನ್ನು ಕಿತ್ತೆಸೆಯಬೇಕೆಂದು ಕಡಿಮೆ ಅನ್ನಿಸಿತೋ ಆ ಲೆನ್ಸು ನಿಮ್ಮದು.

ಈಗ ಅಜ್ಜನ ಚಿತ್ರ. ಇದನ್ನು ನಾನು ಬಹಳ ಹೊತ್ತು ನೋಡಿದೆ. ಬಾಗಿಲಿನಿಂದ ಬಂದ ಬೆಳಕು ಅವರ ಮುಖದ ಒಂದು ಪಕ್ಕವನ್ನು ಮಾತ್ರ ಹಿಡಿದು, ಕೆನ್ನೆಯ ಮೇಲೆ ನಿಧಾನವಾಗಿ ನೆರಳಿಗೆ ಇಳಿದಿದೆ. ಬಾಗಿಲು ದೊಡ್ಡದು, ಅವರು ಅದಕ್ಕೆ ಹತ್ತಿರದಲ್ಲಿದ್ದಾರೆ. ಬೆಳಕಿನ ಮೂಲ ಎದುರಿನವರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೃದುವಾಗುತ್ತದೆ. ಒಳಗಿನ ಕೋಣೆ ಬಾಗಿಲಿಗೆ ದೂರವಾದ್ದರಿಂದ ಕತ್ತಲಾಗಿ, ಅವರ ಬಿಳಿಗೂದಲು ಅದರ ಮೇಲೆ ಎದ್ದು ನಿಂತಿದೆ. ಪುಸ್ತಕದ ಹಾಳೆಗೆ ತಾಗಿದ ಬೆಳಕು ಗಲ್ಲದ ಕೆಳಭಾಗಕ್ಕೆ ಮರಳಿ ಚಿಮ್ಮಿರುವುದನ್ನು ಗಮನಿಸಿದಿರಾ? ಸ್ಟುಡಿಯೋದವರು ಬಿಳಿಯ ಹಲಗೆ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಆ ಪುಸ್ತಕವೇ ಮಾಡಿದೆ. ನೀವು ನೆಲದ ಮೇಲೆ ಕುಳಿತು ಅವರ ಕಣ್ಣಿನ ಮಟ್ಟಕ್ಕೆ ಇಳಿದಿರುವುದೂ ಕಾಣುತ್ತದೆ. ನಿಂತು ತೆಗೆದಿದ್ದರೆ ನಮಗೆ ನೆತ್ತಿ ಮಾತ್ರ ಸಿಗುತ್ತಿತ್ತು. ನಿಮಗೆ ಇಷ್ಟವಾದದ್ದು ಇದೇ ಬೆಳಕು. ಅದು ಬೇಕೆಂದಾಗ ಬಾಗಿಲಿನ ಒಳಗೆ ಒಂದು ಮಾರು ದೂರದಲ್ಲಿ ಯಾರನ್ನಾದರೂ ಕೂರಿಸಿ, ಮನೆಯ ದೀಪಗಳನ್ನು ಆರಿಸಿ, ಬಾಗಿಲಿಗೆ ಓರೆಯಾಗಿ ಮುಖ ತಿರುಗಿಸಲು ಹೇಳಿದರೆ ಮತ್ತೆ ಸಿಗುತ್ತದೆ. ದೀಪ ಆರಿಸುವುದನ್ನು ಮರೆಯಬೇಡಿ. ಹಳದಿ ಬಲ್ಬೂ ಹಗಲಿನ ಬೆಳಕೂ ಬೆರೆತರೆ ಮುಖದ ಎರಡು ಪಕ್ಕಕ್ಕೆ ಎರಡು ಬಣ್ಣ ಬರುತ್ತವೆ.

ದಾಕ್ಷಿಣ್ಯ ಬೇಡವೆಂದಿರಿ, ಆದ್ದರಿಂದ ಎರಡು ಕೊರತೆಗಳನ್ನೂ ಹೇಳುತ್ತೇನೆ. ಎಡಗಡೆಯ ಕೆಳಮೂಲೆಯಲ್ಲಿ ಒಂದು ಬಿಳಿಯ ಬಕೆಟ್ ಇದೆ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ ಚಿತ್ರ ನೋಡಿ, ಆಮೇಲೆ ಬೆರಳು ತೆಗೆದು ನೋಡಿ. ಬೆರಳು ತೆಗೆದ ಕೂಡಲೇ ಕಣ್ಣು ಅಜ್ಜನನ್ನು ಬಿಟ್ಟು ಅಲ್ಲಿಗೆ ಓಡುತ್ತದೆ, ಏಕೆಂದರೆ ಚಿತ್ರದಲ್ಲಿ ಅತ್ಯಂತ ಬೆಳ್ಳಗಿರುವುದು ಅದೇ. ಶಟರ್ ಒತ್ತುವ ಮೊದಲು ನಾಲ್ಕೂ ಮೂಲೆಗಳನ್ನು ಒಮ್ಮೆ ಸುತ್ತಿ ಬರುವ ಅಭ್ಯಾಸ ಒಂದು ಸೆಕೆಂಡಿನ ಕೆಲಸ. ಎರಡನೆಯದು, ಬಲಗೈ ಮಣಿಕಟ್ಟಿನಲ್ಲಿ ಕತ್ತರಿಸಿದೆ. ಕೈಕಾಲುಗಳನ್ನು ಕೀಲಿನ ಹತ್ತಿರ ಕತ್ತರಿಸಿದರೆ ನೋಡುವವರಿಗೆ ಕಸಿವಿಸಿಯಾಗುತ್ತದೆ; ಒಂದೋ ಪೂರ್ತಿ ಕೈಯನ್ನು ಒಳಗೆ ತೆಗೆದುಕೊಳ್ಳಿ, ಇಲ್ಲವೇ ಮೊಣಕೈಗಿಂತ ಮೇಲೆಯೇ ನಿಲ್ಲಿಸಿ. ಪುಸ್ತಕ ಹಿಡಿದ ಕೈ ಆದ್ದರಿಂದ ಇಲ್ಲಿ ಅದು ಪೂರ್ತಿ ಬೇಕಿತ್ತು.

ಗೋಡೆಗೆ ಹಾಕಿಸುವುದಾದರೆ ಇದನ್ನೇ ಹಾಕಿಸಿ. ಎಡಗಡೆಯಿಂದ ಸ್ವಲ್ಪ ಕತ್ತರಿಸಿದರೆ ಬಕೆಟ್ ಹೋಗುತ್ತದೆ.

ಮರುಮಾತು: ಹೊಸಗಣ್ಣು

ಬಕೆಟ್ ಅಲ್ಲಿತ್ತೆಂಬುದೇ ನನಗೆ ಈವರೆಗೆ ಗೊತ್ತಿರಲಿಲ್ಲ. ಈಗ ಅದನ್ನು ಬಿಟ್ಟು ಬೇರೇನೂ ಕಾಣುತ್ತಿಲ್ಲ. ಲೆನ್ಸ್ ಖರೀದಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ. ಕಿಟ್ ಲೆನ್ಸಿಗೆ ಅಂಟುಪಟ್ಟಿ ಸುತ್ತಿ, 35ರಲ್ಲಿ ಇಂದು ಮೂರನೆಯ ದಿನ.

ಒಂದೇ ಒಂದು ಪ್ರಶ್ನೆ ಉಳಿದಿದೆ, ಹಳೇ ರೀಲು ಅವರಿಗೆ. ನಿನ್ನೆ ಎಫ್/8, 1/400, ಐಎಸ್‌ಒ 200 ಇಟ್ಟು ತೆಗೆದಾಗ ಚಂದ್ರನ ಕಲೆಗಳು ಮೊದಲ ಸಲ ಕಾಣಿಸಿದವು, ಆದರೆ ಕೆಳಗಿದ್ದ ಗುಡ್ಡ, ಮರ ಎಲ್ಲವೂ ಕಪ್ಪಿನಲ್ಲಿ ಮುಳುಗಿಹೋದವು. ಚಂದ್ರನೂ ಬೇಕು, ಮರವೂ ಬೇಕೆಂದರೆ ಏನು ಮಾಡಬೇಕು?

ಉತ್ತರ: ಹಳೇ ರೀಲು

ದಿನ ಬದಲಿಸಬೇಕು. ಹುಣ್ಣಿಮೆಯಂದು ಚಂದ್ರ ಮೇಲೇರುವಷ್ಟರಲ್ಲಿ ನೆಲದ ಮೇಲಿನ ಬೆಳಕು ಹೋಗಿಬಿಟ್ಟಿರುತ್ತದೆ. ಚಂದ್ರೋದಯ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆಯಾದ್ದರಿಂದ, ಹುಣ್ಣಿಮೆಯ ಹಿಂದಿನ ದಿನ ಸೂರ್ಯ ಮುಳುಗುವ ಹೊತ್ತಿಗಾಗಲೇ ಚಂದ್ರ ಪೂರ್ವದಲ್ಲಿ ಮೂಡಿರುತ್ತದೆ. ನೋಡಲು ಹೆಚ್ಚುಕಡಿಮೆ ಪೂರ್ಣಚಂದ್ರನೇ, ಮರದ ಮೇಲೂ ಸಂಜೆಯ ಬೆಳಕು ಇನ್ನೂ ಇರುತ್ತದೆ. ಸೂರ್ಯಾಸ್ತದ ಆಚೀಚೆಯ ಸ್ವಲ್ಪ ಹೊತ್ತು ಎರಡರ ಬೆಳಕೂ ಸರಿಸುಮಾರು ಹೊಂದಿಕೊಳ್ಳುತ್ತದೆ. ಚಂದ್ರ ದಿಗಂತದ ಹತ್ತಿರವಿರುವಾಗ ದಪ್ಪ ಗಾಳಿಯ ಮೂಲಕ ಬರುವುದರಿಂದ ಅದರ ಹೊಳಪು ಕಡಿಮೆ. ಹಾಗಾಗಿ ಎಫ್/11ರ ಸೂತ್ರಕ್ಕಿಂತ ಒಂದೆರಡು ಮೆಟ್ಟಿಲು ಹೆಚ್ಚು ಬೆಳಕು ಕೊಟ್ಟು ನೋಡಿ, ಕ್ಯಾಮೆರಾದಲ್ಲಿ ಬೆಳ್ಳಗಾದ ಭಾಗ ಮಿನುಗುವ ಎಚ್ಚರಿಕೆಯನ್ನು ಚಾಲೂ ಮಾಡಿಟ್ಟು, ಚಂದ್ರ ಮಿನುಗತೊಡಗಿದರೆ ಹಿಂದಕ್ಕೆ ಬನ್ನಿ.

ನಿಲ್ಲುವ ಜಾಗವನ್ನೂ ಬದಲಿಸಿ. ಮರದ ಬುಡದಲ್ಲಿ ನಿಂತರೆ ಮರ ದೊಡ್ಡದು, ಚಂದ್ರ ಗುಂಡಿಯಷ್ಟು. ಹಿಂದೆ ಸರಿದಂತೆ ಮರ ಚಿಕ್ಕದಾಗುತ್ತಾ ಹೋಗುತ್ತದೆ, ಚಂದ್ರ ಮಾತ್ರ ಅದೇ ಅರ್ಧ ಡಿಗ್ರಿ. ಒಂದು ಕಿಲೋಮೀಟರ್ ದೂರದಿಂದ ನೋಡಿದರೆ ಸುಮಾರು 9 ಮೀಟರ್ ಎತ್ತರದ ಮರ ಚಂದ್ರನಷ್ಟೇ ಎತ್ತರವಾಗಿ ಕಾಣುತ್ತದೆ. ನಿಮ್ಮ 200 ಮಿ.ಮೀ.ಗೆ ಅಷ್ಟು ದೂರ ಹೆಚ್ಚಾದೀತು. ಅರ್ಧ ಕಿಲೋಮೀಟರಿನಿಂದ ಶುರುಮಾಡಿ. ಹಗಲಿನಲ್ಲೇ ಒಮ್ಮೆ ಹೋಗಿ, ಮರ ನಿಮಗೆ ಪೂರ್ವಕ್ಕೆ ಬರುವ ಜಾಗವನ್ನು ಗುರುತು ಮಾಡಿಟ್ಟು ಬಂದರೆ, ಆ ಸಂಜೆ ಕ್ಯಾಮೆರಾದ ಮುಕ್ಕಾಲಿ (ಟ್ರೈಪಾಡ್) ಹೊತ್ತುಕೊಂಡು ಹೊಲದಲ್ಲಿ ಅತ್ತಿಂದಿತ್ತ ಓಡುವ ಪ್ರಸಂಗ ತಪ್ಪುತ್ತದೆ. ನಾನು ಓಡಿದ್ದೇನೆ.